ಅಂದ್ಳೋ, ಅನ್ಕೊಂಡ್ಳೋ?

ಇಳಕಲ್ಲಿನ ಆ ಓಣಿಯಲ್ಲಿ ಸಂಜೆ ಏಳೂವರೆಯ ಸುಮಾರಿಗೆ ಹೊಸಬರು ಯಾರಾದರೂ ಹಾದುಹೋದರೆ, ಒಂದು ಮನೆಯೊಳಗಿಂದ ಗಂಡಸೊಬ್ಬ "ಮುಚ್ಚೈತಿ!" ಎಂದು ಒದರುವುದು ಕೇಳಿಸುತ್ತಿತ್ತು. ಸ್ವಲ್ಪ ಹೊತ್ತಿಗೆ "ತಗದಾಳ!" ಆಮೇಲೆ ಮತ್ತೆ "ಮುಚ್ಚೈತಿ!" ಹೊಸಬರು ಬೆದರಿ ಕಿಟಕಿಯಲ್ಲಿ ಇಣುಕುತ್ತಿದ್ದರು. ಒಳಗೆ ನಡೆಯುತ್ತಿದ್ದುದು ಟೀವಿಯಲ್ಲಿ ಧಾರಾವಾಹಿ ನೋಡುವ ಕೆಲಸ. ಆ ಮನೆಯಲ್ಲಿ ಅದನ್ನು ಗಂಡ ಹೆಂಡತಿ ಇಬ್ಬರೂ ಕೂಡಿ ಮಾಡಬೇಕಾಗಿತ್ತು, ಒಬ್ಬರ ಕೈಲಿ ಆಗುವಂತಿರಲಿಲ್ಲ.

ಹೆಂಡತಿ ಸೀರೆ ನೇಯುವವಳು. ಕುಣಿಮಗ್ಗ ಕಿಟಕಿಯ ಬೆಳಕಿಗೆ ಮುಖ ಮಾಡಿತ್ತು, ಟೀವಿ ಅದರ ಹಿಂದಿನ ಗೋಡೆಯ ಗೂಡಿನಲ್ಲಿತ್ತು. ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತರೆ ಟೀವಿಗೆ ಬೆನ್ನು. ವರ್ಷಗಟ್ಟಲೆ ಆಕೆ ಧಾರಾವಾಹಿಗಳನ್ನು ಬೆನ್ನಿನಿಂದಲೇ ನೋಡಿದಳು. ಗಂಡ ಪವರ್‌ಲೂಮ್ ಶೆಡ್ಡಿನಲ್ಲಿ ದುಡಿಯುವವನು. ಆ ಸಪ್ಪಳ ಅವನ ಎರಡೂ ಕಿವಿಗಳನ್ನು ತಿಂದುಹಾಕಿತ್ತು. ಶೆಡ್ಡಿನೊಳಗೆ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸುವುದೇ ಇಲ್ಲವಾದ್ದರಿಂದ ಅಲ್ಲಿನವರು ತುಟಿ ನೋಡಿ ಮಾತು ಹಿಡಿಯುತ್ತಾರೆ. ಇವನು ಅದರಲ್ಲಿ ಪಳಗಿದ ಆಸಾಮಿ. ಟೀವಿಯಲ್ಲಿ ಯಾರೇ ಬಾಯಿ ತೆಗೆದು ಏನೇ ಅಂದರೂ ಅವನಿಗೆ ತಿಳಿಯುತ್ತಿತ್ತು.

ತೊಡಕಾಗುತ್ತಿದ್ದುದು ಮನಸ್ಸಿನ ಮಾತಿಗೆ. ನಮ್ಮ ಧಾರಾವಾಹಿಗಳಲ್ಲಿ ಅದಿಲ್ಲದೆ ಕಂತೇ ಮುಗಿಯುವುದಿಲ್ಲ. ಸೊಸೆಯ ಮುಖ ಪರದೆ ತುಂಬ ಬರುತ್ತದೆ, ಬಾಯಿ ಮುಚ್ಚಿರುತ್ತದೆ, ಹಿಂದಿನಿಂದ ಅವಳದೇ ದನಿ "ಅತ್ತೆಗೆ ಈ ವಿಷಯ ಗೊತ್ತಾದರೆ ನನ್ನ ಗತಿಯೇನು" ಎನ್ನುತ್ತದೆ. ಆ ಕಸುಬಿನವರು ಇದಕ್ಕೆ ವಾಯ್ಸ್ ಓವರ್ ಎನ್ನುತ್ತಾರೆ. ಇದು ಒಳಗಿನ ಮಾತು ಎಂದು ಗೊತ್ತಾಗಲಿ ಎಂದು ದನಿಗೆ ಸ್ವಲ್ಪ ಗುಂಯ್ ಎನ್ನುವ ಮೊಳಗು ಹಚ್ಚಿರುತ್ತಾರೆ. ಮಗ್ಗದ ಖಟಖಟದಲ್ಲಿ ಆ ಮೊಳಗು ಆಕೆಯ ಕಿವಿಗೆ ಮುಟ್ಟುತ್ತಿರಲಿಲ್ಲ. ಮಾತೇನೋ ಮುಟ್ಟುತ್ತಿತ್ತು. ಆದರೆ ಸೊಸೆ ಅದನ್ನು ಅತ್ತೆಯ ಮುಖಕ್ಕೇ ಅಂದಳೋ, ಒಳಗೊಳಗೇ ಅಂದುಕೊಂಡಳೋ ತಿಳಿಯುತ್ತಿರಲಿಲ್ಲ. ಕೂಗಿ ಕೇಳೋಣವೆಂದರೆ ಗಂಡ ಕಿವುಡ. ಅದಕ್ಕೇ ಅವನು ತಾನಾಗಿಯೇ ಸಾರುತ್ತಿದ್ದ, ಮುಚ್ಚೈತಿ ಎಂದು. ಆಗ ಆಕೆ ಮಗ್ಗ ನಿಲ್ಲಿಸದೆ ಕತ್ತಷ್ಟೇ ತಿರುಗಿಸಿ, ಆ ಮುಚ್ಚಿದ ಬಾಯಿ ಏನಂದುಕೊಂಡಿತು ಎನ್ನುವುದನ್ನು ಅವನಿಗೆ ತುಟಿಯಾಡಿಸಿ ಹೇಳುತ್ತಿದ್ದಳು. ಸಪ್ಪಳವಿಲ್ಲ, ತುಟಿ ಮಾತ್ರ. ಕೇಳದವನಿಗೆ ದನಿಯನ್ನು ಯಾಕೆ ದಂಡ ಮಾಡಬೇಕು ಎನ್ನುವುದು ಆಕೆಯ ವಾದ. ಟೀವಿಯವಳದು ಬಾಯಿಯಿಲ್ಲದ ದನಿ, ಇವಳದು ದನಿಯಿಲ್ಲದ ಬಾಯಿ. ಎರಡೂ ಕೂಡಿ ಆ ಮನೆಯಲ್ಲಿ ಒಂದು ಕಂತು ಪೂರ್ತಿಯಾಗುತ್ತಿತ್ತು.

ಆ ಮನೆಯ ಮೇಲಿನ ಖೋಲಿಯಲ್ಲಿ ನಾನು ಬಾಡಿಗೆಗಿದ್ದೇನೆ. ತವರು ಬಾದಾಮಿ. ದಿನಾ ಬಸ್ಸು ಹಿಡಿದು ಹುನಗುಂದಕ್ಕೆ ಹೋಗಿ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ಬರುತ್ತೇನೆ. ಆಕೆಯನ್ನು ಕಾಕು ಎನ್ನುತ್ತಿದ್ದೆ, ಗಂಡನನ್ನು ಕಾಕಾ. ಹೆಸರು ಬರೆಯುವುದಿಲ್ಲ. ಅವರಿಗೆ ಮಕ್ಕಳಿರಲಿಲ್ಲ, ಇಬ್ಬರಿಗೂ ಅಕ್ಷರ ಬರುತ್ತಿರಲಿಲ್ಲ. ಕಾಕಾ ಇದನ್ನು ಓದಲಾರ ಎನ್ನುವ ಧೈರ್ಯದ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ. ಅದು ಧೈರ್ಯವಲ್ಲ ಎನ್ನುವುದೂ ಗೊತ್ತಿದೆ.

ಕಾಕು ಎಂಬ ಪದವನ್ನು ನಾನು ತರಗತಿಯಲ್ಲಿ ಪಾಠ ಮಾಡುತ್ತೇನೆ. ಅಲಂಕಾರಶಾಸ್ತ್ರದಲ್ಲಿ ಅದಕ್ಕೆ ದನಿಯ ಏರಿಳಿತ ಎಂದು ಅರ್ಥ. ಅದೇ ವಾಕ್ಯ, ದನಿ ಬೇರೆಯಾದರೆ ಅರ್ಥವೇ ಬೇರೆ. ಹುಡುಗಿಯರಿಗೆ ಉದಾಹರಣೆ ಕೊಟ್ಟು ಕೊಟ್ಟು ಬಾಯಿಪಾಠವಾಗಿದೆ. ಮನೆಯಲ್ಲಿ ಮಾತ್ರ ಆ ಪಾಠ ನನ್ನ ಕೆಲಸಕ್ಕೆ ಬರಲಿಲ್ಲ.

ಕಾಕಾನಿಗೆ ಸಂಜೆಯ ಪಾಳಿ ಇದ್ದ ವಾರ ನಾನು ಕೆಳಗಿಳಿದು ಟೀವಿಗೆ ಮುಖ ಮಾಡಿ ಕೂರುತ್ತಿದ್ದೆ. ಅಂಥ ದಿನ ಕಾಕು ಬಾಯಿಬಿಟ್ಟು ಕೇಳುತ್ತಿದ್ದಳು.

"ಅಂದ್ಳೋ, ಅನ್ಕೊಂಡ್ಳೋ?"

"ಅನ್ಕೊಂಡ್ಳುರಿ ಕಾಕು."

"ಥೂ ಅಕಿನ. ಅಷ್ಟು ಚಂದ ಮಾತು ಒಳಗ ಇಟ್ಕೊಂಡು ಏನ ಮಾಡ್ತಾಳ, ಉಪ್ಪಿನಕಾಯಿ ಹಾಕ್ತಾಳೇನು?"

ನಾನು ಬರುವುದಕ್ಕೆ ಮುಂಚೆ ಒಮ್ಮೆ ಹೀಗಾಗಿತ್ತಂತೆ. ಕಾಕಾ ಒಂದು ವಾರ ಶೆಡ್ಡಿನಲ್ಲೇ ಉಳಿದಿದ್ದ. ಕಾಕು ಒಬ್ಬಳೇ ಬೆನ್ನಿನಿಂದ ಧಾರಾವಾಹಿ ಕೇಳಿದಳು. ಅದರಲ್ಲಿ ಸೊಸೆ ಅತ್ತೆಗೆ ಛೀಮಾರಿ ಹಾಕಿದ್ದೇ ಹಾಕಿದ್ದು. ಕಾಕು ನಳದ ಬಳಿ ನಿಂತು ಓಣಿಯ ಹೆಂಗಸರಿಗೆಲ್ಲ ಹೇಳಿದಳು, "ಭಾಳ ಗಟ್ಟಿ ಹೆಣಮಗಳ್ರವಾ, ಅತ್ತಿ ಮಾರಿ ಮ್ಯಾಲೆ ಅಂದ್ಳು." ಹೆಂಗಸರು ಕೊಡ ಕೆಳಗಿಟ್ಟು ನಕ್ಕರು. ಆ ಸೊಸೆ ವಾರವಿಡೀ ತುಟಿ ಪಿಟಕ್ಕೆನ್ನದೆ ಪಾತ್ರೆ ತಿಕ್ಕಿದ್ದಳು, ಅಂದದ್ದೆಲ್ಲ ಮನಸ್ಸಿನಲ್ಲೇ. ಇದನ್ನು ನನಗೆ ಹೇಳುವಾಗ ಕಾಕುವೂ ನಕ್ಕಳು. ಆಮೇಲೆ ಲಾಳಿಯನ್ನು ಸರಿಮಾಡುತ್ತ, "ಹಂಗಾರ ಅಕಿನೂ ನಮ್ಮಂಗ" ಅಂದಳು.

ಅಷ್ಟರಲ್ಲಿ ನನಗೇ ಧಾರಾವಾಹಿ ಬರೆಯುವ ಕಸುಬು ಬಂದು ತಗುಲಿಕೊಂಡಿತು. ಬೆಂಗಳೂರಿನ ಒಂದು ತಂಡ ನೇಕಾರರ ಮನೆಯ ಕಥೆಯನ್ನು ಧಾರಾವಾಹಿ ಮಾಡಲು ಹೊರಟಿತ್ತು. ಈ ಕಡೆಯ ಮಾತು ಬರೆಯುವವರು ಬೇಕೆಂದಾಗ ಯಾರೋ ನನ್ನ ಹೆಸರು ಹೇಳಿದರು. ಕಾಲೇಜಿನಿಂದ ಬಂದು ಬರೆದು ಮೊಬೈಲಿನಲ್ಲಿ ಕಳಿಸುವುದು. ನಾಯಕಿಯ ಮಾತನ್ನೂ ನಾನೇ ಬರೆಯಬೇಕು, ಮನಸ್ಸಿನ ಮಾತನ್ನೂ ನಾನೇ ಬರೆಯಬೇಕು. ಕಾಕುವಿಗೆ ಹೇಳಿದಾಗ ಆಕೆ ಮಗ್ಗ ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು.

"ಅವನ್ನ ಬರ್ಯಾವ್ರೂ ಇರ್ತಾರೇನ? ಬಾಯಿಮಾತು ಬರೀತಾರ ಅಂದ್ರ ತಿಳೀತು. ಮನಸಿನ್ಯಾಗಿಂದೂ ಮಂದಿನ ಬರದು ಕೊಡಬೇಕೇನು?"

ತಂಡದವರದು ಒಂದು ನಿಯಮವಿತ್ತು. ನಾಯಕಿ ಬಾಯಿಬಿಟ್ಟು ಆಡುವ ಮಾತು ಇಲ್ಲಿಯದೇ ಇರಲಿ, ಸೊಗಸಾಗಿರುತ್ತದೆ. ವಾಯ್ಸ್ ಓವರ್ ಮಾತ್ರ ಎಲ್ಲ ಕಡೆಯವರಿಗೂ ತಿಳಿಯುವ ಕನ್ನಡದಲ್ಲಿರಬೇಕು. ಹುಟ್ಟಿದ್ದು ಬಾದಾಮಿಯಲ್ಲಾದರೂ ನಾನು ತಲೆಯಾಡಿಸಿದೆ, ಹಾಗೇ ಬರೆದೆ. ಮೊದಲ ವಾರದ ಕಂತುಗಳನ್ನು ಬೆನ್ನಿನಿಂದ ಕೇಳಿದ ಮೇಲೆ ಕಾಕು ತೀರ್ಪು ಕೊಟ್ಟಳು.

"ಬಾಯಿ ತಗದ್ರ ನಮ್ಮಾಕಿ, ಬಾಯಿ ಮುಚ್ಚಿದ್ರ ಬೆಂಗಳೂರಾಕಿ. ಯವ್ವಾ, ನೀ ಮನಸಿನ್ಯಾಗ 'ಮನೆ' ಅಂತೀಯೋ, 'ಮನಿ' ಅಂತೀಯೋ?"

ಅಲ್ಲಿಯವರೆಗೆ ನಾನು ಆ ಪ್ರಶ್ನೆಯನ್ನು ನನಗೆ ಕೇಳಿಕೊಂಡವಳೇ ಅಲ್ಲ. ಕಾಕುವಿಗೆ ಇದರಿಂದ ಒಂದು ಅನುಕೂಲವಾಯಿತು. ಬೇರೆ ಧಾರಾವಾಹಿಗಳಿಗೆ ಕಾಕಾನ ಕೂಗು ಬೇಕು, ನನ್ನದಕ್ಕೆ ಬೇಡ. 'ಮನಿ' ಅಂದರೆ ಬಾಯಿ, 'ಮನೆ' ಅಂದರೆ ಮನಸ್ಸು. ಬೆನ್ನಿಗೂ ತಿಳಿಯುತ್ತಿತ್ತು.

ಬರೆಯಲು ತಡವರಿಸಿದಾಗಲೆಲ್ಲ ನಾನು ಮಗ್ಗದ ಪಕ್ಕ ಹೋಗಿ ಕೂತು ಸಂದರ್ಭ ಹೇಳುತ್ತಿದ್ದೆ. ಕಾಕು ಲಾಳಿ ಓಡಿಸುತ್ತಲೇ ನಾಯಕಿಯ ಮನಸ್ಸಿನ ಮಾತನ್ನು ತಾನೇ ಆಡುತ್ತಿದ್ದಳು. ನಾನು ಮೊಬೈಲಿನಲ್ಲಿ ಬರೆದುಕೊಳ್ಳುತ್ತಿದ್ದೆ. ನಾಯಕಿಯ ತಂದೆ ಸಾಯುವ ಕಂತಿಗೆ ನಾನು ಹತ್ತು ಸಾಲು ಬರೆದು ಓದಿ ತೋರಿಸಿದ್ದು ನೆನಪಿದೆ. ಅಪ್ಪಾ ನೀವಿಲ್ಲದ ಈ ಮನೆ, ಆ ಬಾಗಿಲು, ಆ ಅಂಗಳ ಎಂದೆಲ್ಲ ಇತ್ತು.

"ಇಷ್ಟ ಉದ್ದ ಅನ್ಕೊಳ್ಳೂ ಶಕ್ತಿ ಇದ್ರ ಅಕಿ ಅಳೂದ ಇಲ್ಲ," ಅಂದಳು ಕಾಕು.

"ಮತ್ತ ಏನ ಅನ್ಕೊಂತಾಳ್ರಿ?"

"ಒಲಿ ಮ್ಯಾಲೆ ಹಾಲ ಇಟ್ಟೇನಿ, ಉಕ್ಕತಾವು ಅಂತ. ನಮ್ಮವ್ವ ಎದಿ ಬ್ಯಾನ್ಯಾಗ ಹ್ವಾದಳಲ್ಲ, ಆವತ್ತ ನಾ ಅನ್ಕೊಂಡಿದ್ದು ಅದನ್ನ."

ಹತ್ತೂ ಸಾಲು ಹೊಡೆದುಹಾಕಿ ಹಾಲಿನ ಮಾತೊಂದನ್ನೇ ಕಳಿಸಿದೆ. ಬೆಂಗಳೂರಿನವರು ಕುಣಿದಾಡಿದರು. ಎದಿ ಬ್ಯಾನಿ ಅಂದರೆ ಹೃದಯದ ಕಾಯಿಲೆ ಎಂದು ನಾನು ತಿಳಿದೆ. ಯಾವ ಬೇನೆ ಎಂದು ಕೇಳಲಿಲ್ಲ. ನನ್ನ ಗಮನವೆಲ್ಲ ಹಾಲಿನ ಮೇಲಿತ್ತು.

ಹೋದ ಶ್ರಾವಣದಲ್ಲಿ ಆಕೆಯನ್ನು ನನ್ನ ತವರಿಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿಂದ ಮಹಾಕೂಟಕ್ಕೆ ಹೋದೆವು. ಹೊಂಡದಲ್ಲಿ ಕಾಲು ತೊಳೆದು, ಗುಡಿಯೊಳಗೆ ಕಾಕು ಕೈಮುಗಿದು ನಿಂತವಳು ಸರಿಯಲೇ ಇಲ್ಲ. ಹಿಂದಿನವರು ಗೊಣಗಿದರು, ಪೂಜಾರಿ ಆರತಿ ತಟ್ಟೆಯನ್ನು ಎರಡು ಸಲ ತಂದ. ಆಕೆಯ ಕಣ್ಣೂ ಮುಚ್ಚಿತ್ತು, ಬಾಯಿಯೂ ಮುಚ್ಚಿತ್ತು. ಹೊರಗೆ ಬಂದು ಕಟ್ಟೆಯ ಮೇಲೆ ಕೂತು ಬುತ್ತಿ ಬಿಚ್ಚುವಾಗ ನಾನು ಚೇಷ್ಟೆ ಮಾಡಿದೆ.

"ಅಂದ್ರ್ಯೋ, ಅನ್ಕೊಂಡ್ರ್ಯೋ?"

"ಅನ್ಕೊಂಡೆ. ದೇವರಿಗೆ ಯಾಕ ಬಾಯಿಲೆ ಅನಬೇಕು? ಅಂವಗ ವಾಯಿಸ್ ಓವರ್ ಕೇಳತೈತಿ."

ಇಬ್ಬರೂ ರೊಟ್ಟಿ ಕೈಯಲ್ಲಿ ಹಿಡಿದು ಬಿದ್ದು ಬಿದ್ದು ನಕ್ಕೆವು. ಎಲ್ಲ ತಿಳಿದ ಮೇಲೆ ತಿಂಗಳುಗಳನ್ನು ಹಿಂದಕ್ಕೆ ಎಣಿಸಿ ನೋಡಿದೆ. ಮಹಾಕೂಟದಲ್ಲಿ ನಿಂತಾಗಲೇ ಅದು ಆಕೆಯ ಮೈಯಲ್ಲಿತ್ತು.

ದಸರೆಯ ಹೊತ್ತಿಗೆ ಧಾರಾವಾಹಿಯಲ್ಲಿ ಒಂದು ಘಟ್ಟ ಬಂತು. ನಾಯಕಿ ಗಂಡನಿಂದ ಏನೋ ಮುಚ್ಚಿಟ್ಟಿದ್ದಾಳೆ. ಏನನ್ನು ಎನ್ನುವುದು ಬೆಂಗಳೂರಿನವರಿಗೂ ಇನ್ನೂ ಗೊತ್ತಿರಲಿಲ್ಲ. ಮುಂದೆ ನೋಡೋಣ, ಸದ್ಯಕ್ಕೆ ಒಂದು ತೂಕದ ಮನಸ್ಸಿನ ಮಾತು ಕೊಡಿ ಎಂದಿದ್ದರು. ನಾನು ಎಂದಿನಂತೆ ಕೆಳಗಿಳಿದು ಮಗ್ಗದ ಪಕ್ಕ ಕೂತು ಹೇಳಿದೆ, "ಕಾಕು, ಅಕಿ ಗಂಡಗ ಒಂದು ಮಾತು ಹೇಳಬೇಕಾಗೇತ್ರಿ, ಹೇಳಾಕ ಆಗವಲ್ದು. ಏನ ಅನ್ಕೊಂತಾಳ?"

ಕಾಕು ಲಾಳಿ ನಿಲ್ಲಿಸಿದಳು. ಹಾಲಿನ ಮಾತನ್ನು ಹೇಳುವಾಗಲೂ ನಿಲ್ಲಿಸದವಳು ಆವತ್ತು ನಿಲ್ಲಿಸಿದಳು. ಹಾಸಿನ ನೂಲುಗಳ ಮೇಲೆ ಕೈಯಿಟ್ಟುಕೊಂಡು, ಕಿಟಕಿಯ ಕಡೆ ನೋಡುತ್ತ, ಒಂದೊಂದೇ ಮಾತಾಗಿ ಅಂದಳು.

"ಎದಿಯಾಗ ಒಂದು ಗಂಟ ಕುಂತೈತಿ. ಬಿಚ್ಚಾಕ ಬರವಲ್ದು, ಹರಿಯಾಕ ಧೈರ್ಯ ಇಲ್ಲ. ಯಾರ ಮುಂದ ಅನ್ಲಿ?"

ನನ್ನ ಮೈ ಝುಂ ಎಂದಿತು. ಹೌದು, ಖುಷಿಯಿಂದ. ನೇಯುವವಳ ಎದೆಯಲ್ಲಿ ನೂಲಿನ ಗಂಟು. ಎಂಥ ಉಪಮೆ. ಎಷ್ಟು ಓದಿಕೊಂಡವರಿಗೂ ಹೊಳೆಯದ ಮಾತು. ನನ್ನ ಬೆರಳು ಮೊಬೈಲಿನ ಮೇಲೆ ಆಗಲೇ ಓಡುತ್ತಿತ್ತು.

"ಭಾಳ ಚಂದ ಐತ್ರಿ ಕಾಕು," ಅಂದೆ.

ಕಾಕು ಕತ್ತು ತಿರುಗಿಸಿ ನನ್ನ ಮುಖ ನೋಡಿದಳು.

"ಚಂದ ಐತಿ?"

"ಭಾಳ್ರಿ."

"ಬರಕೋ ಹಂಗಾರ," ಅಂದಳು. ಲಾಳಿ ಮತ್ತೆ ಓಡಿತು.

ಕನ್ನಡ ಪಾಠ ಹೇಳುವವಳು ನಾನು. ಇದ್ದದ್ದನ್ನು ಇದ್ದಂತೆ ಹೇಳಿದ ಮಾತನ್ನು ಉಪಮೆ ಎಂದುಕೊಂಡೆ. ಓದದ ಯಾವ ಹೆಂಗಸು ಆ ಜಾಗದಲ್ಲಿ ಕೂತಿದ್ದರೂ "ಎಲ್ಲಿ, ತೋರಸು" ಎಂದು ಸೆರಗು ಸರಿಸಿ ನೋಡುತ್ತಿದ್ದಳು.

ಆ ಸಾಲಿಗಾಗಿ ನಾನು ತಂಡದವರೊಡನೆ ಜಗಳವಾಡಿದೆ. ಈ ಒಂದು ಸಲ ವಾಯ್ಸ್ ಓವರ್ ಇಲ್ಲಿಯ ಮಾತಿನಲ್ಲೇ ಇರಬೇಕು, 'ಎದೆಯಲ್ಲಿ' ಎಂದು ತಿದ್ದಿದರೆ ನಾನು ಮುಂದೆ ಬರೆಯುವುದಿಲ್ಲ ಎಂದೆ. ಒಪ್ಪಿದರು. ದೀಪಾವಳಿ ಮುಗಿದ ಮೇಲೆ ಆ ಕಂತು ಬಂತು. ಕಾಕಾ ಹೊರಸಿನ ಮೇಲೆ ಟೀವಿಗೆ ಮುಖ ಮಾಡಿ ಕೂತಿದ್ದ. ಕಾಕು ಕುಣಿಯಲ್ಲಿದ್ದಳು. ಹೆಮ್ಮೆಯಿಂದ ಬೀಗುತ್ತ ನಾನು ಇಬ್ಬರ ನಡುವೆ ಕೂತಿದ್ದೆ.

ನಾಯಕಿಯ ಮುಖ ಬಂತು. ದನಿ ಬಂತು, "ಎದಿಯಾಗ ಒಂದು ಗಂಟ ಕುಂತೈತಿ."

ಮಗ್ಗ ನಿಂತಿತು. ನನ್ನ ಧಾರಾವಾಹಿಯಲ್ಲಿ ನಮ್ಮ ಮಾತು ಕೇಳಿಸಿತೆಂದರೆ ಬಾಯಿಬಿಟ್ಟು ಅಂದದ್ದು ಎಂದು ಕಾಕು ಅಲ್ಲವೇ ಕಂಡುಕೊಂಡಿದ್ದು. ಆಕೆ ತಿರುಗಿದಳು. ಆ ಮುಖದಲ್ಲಿ ಆವತ್ತು ಕಂಡದ್ದನ್ನು ಆಸೆಯಲ್ಲದೆ ಬೇರೇನೂ ಅನ್ನಲಾರೆ.

"ಅಂದ್ಳಾ? ಗಂಡನ ಮುಂದ ಅಂದ್ಳಾ? ಅಂವಾ ಏನಂದ?"

"ಇಲ್ರಿ ಕಾಕು, ಅನ್ಕೊಂಡ್ಳು. ನಿಮ್ಮ ಮಾತಿನ್ಯಾಗ ಅನ್ಕೊಂಡ್ಳು, ಅಷ್ಟ," ಎಂದು ನಾನು ಹಲ್ಲು ಕಿರಿದೆ.

ಅದೇ ಹೊತ್ತಿಗೆ ಕಾಕಾ ಒದರಿದ. "ಮುಚ್ಚೈತಿ! ಏನಂತ?"

ಆವತ್ತು ಕಾಕು ಕತ್ತಷ್ಟೇ ತಿರುಗಿಸಲಿಲ್ಲ. ಕುಣಿಯಿಂದ ಕಾಲು ಮೇಲೆ ತೆಗೆದು ಪೂರ್ತಿ ಗಂಡನ ಕಡೆ ತಿರುಗಿ ಕೂತಳು. ಬಲಗೈ ಎದೆಯ ಮೇಲಿತ್ತು. ತುಟಿಯಾಡಿಸಿದಳು, ನಿಧಾನವಾಗಿ, ಒಂದಕ್ಷರವೂ ತಪ್ಪದಂತೆ. ಎದಿಯಾಗ ಒಂದು ಗಂಟ ಕುಂತೈತಿ. ಬಿಚ್ಚಾಕ ಬರವಲ್ದು, ಹರಿಯಾಕ ಧೈರ್ಯ ಇಲ್ಲ. ಯಾರ ಮುಂದ ಅನ್ಲಿ.

ಕಾಕಾ ಕೊನೆಯವರೆಗೂ ತುಟಿಯನ್ನೇ ನೋಡಿದ. ಲೊಚಗುಟ್ಟಿದ.

"ಪಾಪ ಆ ಹುಡಿಗಿ," ಅಂದ. "ಗಂಡನ ಮುಂದರ ಅನಬೇಕಿತ್ತು." ಮತ್ತೆ ಟೀವಿಯ ಕಡೆ ತಿರುಗಿದ.

ಕಾಕು ಕಾಲನ್ನು ಮತ್ತೆ ಕುಣಿಗಿಳಿಸಿದಳು. ಇಷ್ಟೇ ನಡೆದದ್ದು. ನಾನು ಎರಡು ಕಣ್ಣು, ಎರಡು ಕಿವಿ ನೆಟ್ಟಗಿದ್ದವಳು ನಡುವೆ ಕೂತು ಎಲ್ಲವನ್ನೂ ಕಂಡೆ, ಎಲ್ಲವನ್ನೂ ಕೇಳಿದೆ. ಆಮೇಲೆ ಮೇಲೆ ಹೋಗಿ, ಆ ಸಾಲು ಹೇಗಿತ್ತು ಎಂದು ಗೆಳತಿಯರಿಗೆ ಫೋನು ಮಾಡಿ ಕೇಳಿದೆ.

ಚಳಿ ಬಿದ್ದ ಮೇಲೆ ಮಗ್ಗದ ಸಪ್ಪಳ ಬದಲಾಯಿತು. ಮೇಲಿನ ಖೋಲಿಯಲ್ಲಿ ನನಗೆ ಅದು ಗಡಿಯಾರವಿದ್ದಂತೆ. ಖಟ್, ಖಟ್ ಎಂದು ಸಮನಾಗಿ ಬರುತ್ತಿದ್ದುದು ನಡುನಡುವೆ ತಪ್ಪತೊಡಗಿತು. ಧಾರಾವಾಹಿಯನ್ನು ಲಕ್ಷ್ಯಗೊಟ್ಟು ಕೇಳುತ್ತಿದ್ದಾಳೆ ಎಂದುಕೊಂಡೆ. ಬಲತೋಳು ಬಾತು, ಲಾಳಿಯ ಹಗ್ಗ ಜಗ್ಗಲು ಆಗದೆ ಆಕೆ ಎಡಗೈಯಿಂದ ಬಲಗೈಯನ್ನು ಎತ್ತಿ ಇಡುತ್ತಿದ್ದಳೆಂದು ಸಂಕ್ರಾಂತಿಯ ಮರುದಿನ ಗೊತ್ತಾಯಿತು. ಎಳ್ಳು ಬೆಲ್ಲ ಕೊಡಲು ಹೋದ ನನ್ನ ಎದುರಿಗೇ ಆಕೆ ಮಗ್ಗದ ಮೇಲೆ ಮುಂದಕ್ಕೆ ಬಾಗಿ ಹಾಗೇ ಒರಗಿದಳು. ಹಿಡಿದು ಎತ್ತಿದಾಗ ಕುಪ್ಪಸದೊಳಗಿನ ಬಟ್ಟೆ ಒದ್ದೆಯಾಗಿತ್ತು, ವಾಸನೆ ಬಂತು. ಆಗ ನನಗೆ ತಿಳಿಯಿತು. ಯಾವ ವೈದ್ಯರೂ ಹೇಳಬೇಕಾಗಿರಲಿಲ್ಲ.

ಬಾಗಲಕೋಟೆಗೆ ಗಾಡಿ ಮಾಡಿಕೊಂಡು ಹೋದೆವು. ದವಾಖಾನೆಯ ಡಾಕ್ಟರು ಹೆಣ್ಣುಮಗಳು, ಸಣ್ಣ ವಯಸ್ಸು, ಮುಖಕ್ಕೆ ಮಾಸ್ಕು. ನೋಡಿ ಹೊರಗೆ ಬಂದವರು, "ಇಷ್ಟ ದಿನಾ ಏನ ಮಾಡಿದ್ರಿ ನೀವು? ಮನ್ಯಾಗ ಯಾರಿಗೂ ಹೇಳಿದ್ದಿಲ್ಲೇನು ಅವ್ರು?" ಎಂದು ಕೇಳಿದರು. ಕಾಕಾ ಆ ಮಾಸ್ಕನ್ನೇ ನೋಡಿದ. ಎಡಕ್ಕೆ ಬಾಗಿ ನೋಡಿದ, ಬಲಕ್ಕೆ ಬಾಗಿ ನೋಡಿದ. ಆಮೇಲೆ ನನ್ನ ಕಡೆ ತಿರುಗಿ, ಸಾಲಾಗಿ ಕೂತ ಮಂದಿಯೆಲ್ಲ ತಿರುಗಿ ನೋಡುವಂತೆ ಒದರಿದ.

"ಮುಚ್ಚೈತಿ! ಏನಂತ?"

ಅಂಥ ಗಳಿಗೆ ಯಾರಿಗೂ ಬರಬಾರದು. ಅವನಿಗೆ ಮುಚ್ಚಿದ ಬಾಯಿಯ ಮಾತನ್ನು ತುಟಿಯಾಡಿಸಿ ಹೇಳುತ್ತಿದ್ದವಳು ಒಳಗೆ ಮಲಗಿದ್ದಳು. ನಾನೇ ಹೇಳಬೇಕಾಯಿತು.

"ಎದಿಯಾಗ ಗಂಟು ಐತಂತ್ರಿ ಕಾಕಾ."

"ಏನು? ಇನ್ನೊಮ್ಮೆ ಅನ್ನು."

"ಗಂಟು."

ಅವನ ಹಣೆ ಗಂಟಿಕ್ಕಿತು. "ಈ ಮಾತ ನಾ ಎಲ್ಲೋ ನೋಡೇನಿ," ಅಂದ. ಮಾತುಗಳನ್ನು ಅವನು ಕೇಳಿದ್ದೇನೆ ಎನ್ನುವುದಿಲ್ಲ, ನೋಡಿದ್ದೇನೆ ಎನ್ನುತ್ತಾನೆ. ನಾನು ಕೆಳಗೆ ನೋಡಿದೆ.

ಒಳಗೆ ಕಾಕುವಿನ ಮಂಚದ ಬಳಿ ಕೂತು ನಾನು ಅತ್ತೆ. ಯಾಕ್ರಿ ಕಾಕು, ಒಂದು ಮಾತು ಯಾಕ ಅನ್ಲಿಲ್ಲ, ನಾ ಸತ್ತಿದ್ನೇನು ಎಂದೆ. ಆಕೆ ಚಾವಣಿಯ ಫ್ಯಾನು ನೋಡುತ್ತ ಬಹಳ ಸಮಾಧಾನದಿಂದ ಹೇಳಿದಳು.

"ಅಂದೇನ್ವಾ. ಮದ್ಲ ಅನ್ಲಿಲ್ಲ ಖರೆ. ಅಂದ್ರ ಖರೆ ಆಗತೈತಿ ಅಂತ ಅಂಜಿಕಿ. ನಮ್ಮವ್ವಗೂ ಹಿಂಗ ಆಗಿತ್ತು. ಆಮ್ಯಾಲೆ ಎರಡ ಸಲ ಅಂದೇನಿ. ನೀ ಬರಕೊಂಡಿ. ಅವರು ಟೀವಿ ನೋಡಿದ್ರು."

ಆ ದನಿಯಲ್ಲಿ ಸಿಟ್ಟಿನ ಸುಳಿವೂ ಇರಲಿಲ್ಲ. ಇದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ನಾನು ಮಂಚದ ಕಂಬಿ ಹಿಡಿದು ಕೂತೆ. ಆಕೆ ನನ್ನ ಕೈ ಹಿಡಿದಳು.

"ಒಂದ ಮಾತು. ಅವರು ಮುಂದ ಯಾವಾಗರ ಕೇಳ್ತಾರ. ಅಕಿ ಅಂದಿದ್ಳೋ, ಅನ್ಕೊಂಡಿದ್ಳೋ ಅಂತ. ಅನ್ಕೊಂಡಿದ್ಳು ಅನ್ನು. ನಾ ಎದುರ ಕುಂತು ಅಂದದ್ದು ಅವರಿಗೆ ತಿಳೀಲಿಲ್ಲ ಅಂತ ಗೊತ್ತಾದ್ರ ಅವರು ಉಳ್ಯಾಂಗಿಲ್ಲ. ಕಿವಿ ಹ್ವಾದ್ರೂ ಕಣ್ಣ ಅದಾವಲ್ಲ ಅಂತ ಬದುಕ್ಯಾರ."

ಆಗಲಿ ಎಂದೆ. ಆ ಸುಳ್ಳು ಗಂಡನನ್ನು ಕಾಯುತ್ತದೆ ಎಂದು ಆಕೆ ಎಣಿಸಿದ್ದಳು. ಅದು ನನ್ನನ್ನೂ ಕಾಯುತ್ತದೆ ಎನ್ನುವುದು ನನಗೆ ಆಗಲೇ ಹೊಳೆದಿತ್ತು. ಸಾಯುವವಳ ಮಂಚದ ಪಕ್ಕ ಕೂತಾಗಲೂ ನನಗೆ ಅದು ಹೊಳೆಯಿತು. ನನ್ನ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಬೇಕಿಲ್ಲ.

ಬಾಗಲಕೋಟೆಗೆ ಎಷ್ಟು ಸಲ ಓಡಾಡಿದೆವೋ. ಸೂಜಿ, ಔಷಧ, ಉದುರಿದ ಕೂದಲು. ತಡವಾಗಿತ್ತು ಎಂದು ಡಾಕ್ಟರು ಮೊದಲ ದಿನವೇ ಹೇಳಿದ್ದರು, ನಾವು ಕೇಳಿಸಿಕೊಂಡಿರಲಿಲ್ಲ. ಮನೆಗೆ ಕರೆದುಕೊಂಡು ಬಂದ ಮೇಲೆ ಕಾಕುವಿನ ಹಾಸಿಗೆಯನ್ನು ಟೀವಿಯ ಎದುರಿಗೇ ಹಾಕಿದೆವು. ಜೀವಮಾನದಲ್ಲಿ ಮೊದಲ ಸಲ ಆಕೆ ಧಾರಾವಾಹಿಯನ್ನು ಕಣ್ಣಿನಿಂದ ನೋಡಿದಳು. ಎರಡು ದಿನ ನೋಡಿ, "ಏನಿಲ್ಲವಾ ಇದರಾಗ. ಬರೇ ಮಾರಿ ತೋರಸ್ತಾರ," ಎಂದು ಗೋಡೆಯ ಕಡೆ ಹೊರಳಿದಳು. ಯುಗಾದಿಯನ್ನು ಕಾಣಲಿಲ್ಲ.

ತಂಡದವರು ಆ ಸಾಲು ಬಹಳ ಜನಕ್ಕೆ ಹಿಡಿಸಿತೆಂದು, ಅಂಥದೇ ಇನ್ನಷ್ಟು ಬೇಕೆಂದು ಕೇಳಿದರು. ನಾನು ಬಿಟ್ಟುಬಿಟ್ಟೆ ಎಂದು ಬರೆದರೆ ಓದುವವರಿಗೆ ಸಮಾಧಾನವಾದೀತು. ಬಿಡಲಿಲ್ಲ. ಈಗಲೂ ಬರೆಯುತ್ತಿದ್ದೇನೆ. ಕಾಕು ಇಲ್ಲದ್ದರಿಂದ ನಾಯಕಿ ಮತ್ತೆ ಉದ್ದುದ್ದ ಅಂದುಕೊಳ್ಳುತ್ತಾಳೆ, ಬೆಂಗಳೂರಿನ ಕನ್ನಡದಲ್ಲಿ.

ದಿನಕರ್ಮಗಳೆಲ್ಲ ಮುಗಿದು ನೆಂಟರು ಹೋದ ಮೇಲೆ ಒಂದು ಸಂಜೆ ಕಾಕಾನಿಗೆ ರೊಟ್ಟಿ ಕೊಡಲು ಕೆಳಗಿಳಿದೆ. ಟೀವಿ ನಡೆಯುತ್ತಿತ್ತು, ದನಿ ಇರಲಿಲ್ಲ. ಆ ಮನೆಯಲ್ಲಿ ದನಿ ಬೇಕಾಗಿದ್ದುದು ಒಬ್ಬಳಿಗೆ ಮಾತ್ರ. ಪರದೆಯ ಮೇಲೆ ಮುಖಗಳು ಬಂದುಹೋಗುತ್ತಿದ್ದವು. ಮಗ್ಗದ ಮೇಲೆ ಕಾಕುವಿನ ಹಳೆಯ ಸೀರೆಯೊಂದನ್ನು ಹೊದಿಸಿದ್ದ. ಒಂದು ಮುಚ್ಚಿದ ಬಾಯಿ ಬಂತು, ಎಷ್ಟೋ ಹೊತ್ತು ನಿಂತಿತು. ಕಾಕಾ ಒದರಲಿಲ್ಲ.

ತಾಟು ಇಟ್ಟು ಏಳುವಷ್ಟರಲ್ಲಿ ಅವನು ನನ್ನ ಕೈ ಹಿಡಿದು ಎದುರಿಗೆ ಕೂರಿಸಿದ.

"ದೀಪಾವಳಿ ಆದಮ್ಯಾಲೆ ಒಂದಿನ, ನಿನ್ನ ಧಾರಾವಾಹಿ ಹುಡಿಗಿ ಮಾತು ಅಕಿ ನನಗ ತಿರುಗಿ ಕುಂತು ಹೇಳಿದ್ಳು. ಎದಿಯಾಗ ಗಂಟ ಐತಿ ಅಂತ. ನೀ ಅಲ್ಲೇ ಇದ್ದಿ," ಅಂದ. ದನಿ ಎಷ್ಟಿರಬೇಕೆಂದು ಅವನಿಗೆ ತಿಳಿಯುವುದಿಲ್ಲ, ಓಣಿಗೆಲ್ಲ ಕೇಳಿಸುವಂತೆ ಕೇಳುತ್ತಿದ್ದ. "ಅದು ಆ ಹುಡಿಗಿದೋ, ಇಕಿದೋ? ಅಂದಿದ್ಳೋ, ಅನ್ಕೊಂಡಿದ್ಳೋ?"

ಅವನ ಕಣ್ಣು ನನ್ನ ತುಟಿಯ ಮೇಲಿತ್ತು. ಎಷ್ಟು ಸಂಜೆ ನಾನು ಇದೇ ಪ್ರಶ್ನೆಗೆ ಆ ಮಗ್ಗದ ಪಕ್ಕ ಕೂತು ಪಟಕ್ಕನೆ ಉತ್ತರ ಕೊಟ್ಟಿದ್ದೆ. ಒಂದು ದಿನವೂ ತಪ್ಪು ಹೇಳಿದವಳಲ್ಲ.

"ಅನ್ಕೊಂಡಿದ್ಳುರಿ ಕಾಕಾ," ಅಂದೆ. "ಯಾರ ಮುಂದೂ ಅಂದಿರಲಿಲ್ಲ."

ತುಟಿಯಾಡಿಸುವುದು ಮುಗಿಯಿತು. ಬಾಯಿ ಮುಚ್ಚಿದೆ. ಕಾಕಾ ಕಣ್ಣು ಕದಲಿಸಲಿಲ್ಲ. ಮುಚ್ಚಿದ ನನ್ನ ಬಾಯಿಯನ್ನು ನೋಡಿದ, ನೋಡುತ್ತಲೇ ಇದ್ದ. ಆಮೇಲೆ, ಅದರಿಂದ ಕಣ್ಣು ತೆಗೆಯದೆಯೇ, ಮಗ್ಗದ ಕಡೆಗೆ ಮೊದಲಿನಂತೆಯೇ ಗಟ್ಟಿಯಾಗಿ ಒದರಿದ.

"ಮುಚ್ಚೈತಿ! ಏನಂತ?"